ಕೆಮ್ಮಿದವರ ಕಟ್ಟೆ

ಆರು ತಿಂಗಳಿಗೊಮ್ಮೆ ನನಗೆ ಹಗಲು ಹೊತ್ತಿನಲ್ಲೇ ಕನಸು ಬೀಳುತ್ತಿತ್ತು. ಆಸ್ಪತ್ರೆಯ ಒರಗು ಕುರ್ಚಿಯಲ್ಲಿ ಕೂರಿಸಿ, ಮುಖ್ಯ ಔಷಧಿಗೆ ಮೊದಲು ಅಲರ್ಜಿಯಾಗದಿರಲೆಂದು ಒಂದು ಇಂಜೆಕ್ಷನ್ ಕೊಡುತ್ತಿದ್ದರು. ಅದು ಒಳಗೆ ಹೋದದ್ದೇ ತಡ, ರೆಪ್ಪೆ ಭಾರವಾಗಿ, ಮೇಲೆ ತೂಗಿಬಿಟ್ಟ ಚೀಲದಿಂದ ಇಳಿಯುವ ಹನಿಗಳು ಬೇರೆ ಯಾರದೋ ಕೈಗೆ ಇಳಿಯುತ್ತಿವೆ ಅನ್ನಿಸತೊಡಗುತ್ತಿತ್ತು. ಕಿಟಕಿಯಾಚೆ ಹೊಸ ಕಟ್ಟಡಗಳ ಮೇಲೆ ಕ್ರೇನುಗಳು ನಿಧಾನವಾಗಿ ತಿರುಗುತ್ತಿದ್ದವು. ಹೈದರಾಬಾದಿನ ಆ ಭಾಗದಲ್ಲಿ ಆಗ, ಒಂದು ಹಬ್ಬಕ್ಕೆ ಕಂಡ ಆಕಾಶ ಇನ್ನೊಂದು ಹಬ್ಬಕ್ಕೆ ಅಷ್ಟೇ ಉಳಿದಿರುತ್ತದೆ ಎಂಬ ಭರವಸೆ ಯಾರಿಗೂ ಇರಲಿಲ್ಲ. ಅರೆನಿದ್ದೆಯಲ್ಲಿ ಆ ಕ್ರೇನುಗಳು ಏನೋ ಮಾತಾಡಿಕೊಂಡು ತಲೆಯಾಡಿಸುತ್ತಿರುವ ಹಾಗೆ ಕಾಣುತ್ತಿತ್ತು, ನಾನೂ ಹೂಂಗುಟ್ಟುತ್ತಿದ್ದೆ. ಪಕ್ಕದಲ್ಲಿ ಕೂತ ಅವ್ವ, 'ಯಾರ ಕೂಡ ಮಾತಾಡಾಕತ್ತಿ?' ಎಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು.

ನನ್ನ ಕಾಯಿಲೆಗೆ ನಮ್ಮ ಮಾತಿನಲ್ಲಿ ಹೆಸರಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಡಾಕ್ಟರು ಹೇಳಿದ ದಿನ ಅವ್ವ ಒಂದೆರಡು ಸಲ ಅನ್ನಲು ನೋಡಿ, ಬೇಸತ್ತು, 'ನರದ ಜಡ್ಡು' ಅಂತ ತಾನೇ ನಾಮಕರಣ ಮಾಡಿದಳು. ಇಲಿ ವೈರಿನ ಹೊದಿಕೆ ಕಡಿದ ಹಾಗೆ, ಮೈಯೊಳಗಿನ ಕಾವಲುಗಾರರೇ ತಲೆಕೆಟ್ಟು ನರದ ಹೊದಿಕೆಯನ್ನು ಕಡಿಯುವ ಕಾಯಿಲೆ ಅದು. ನನಗೆ ಮೊದಲು ಬಲಗಣ್ಣು ಮಂಜಾಯಿತು. ಆಮೇಲೆ ಎಡಗಾಲು ತನ್ನ ಪಾಡಿಗೆ ತಾನು ಇರತೊಡಗಿತು. ಹೇಳಿದ ಮಾತು ಕೇಳುವುದು, ಬಿಡುವುದು ಅದರ ಮರ್ಜಿ. ಆ ಕಾವಲುಗಾರರನ್ನು ಅಡಗಿಸಲಿಕ್ಕೇ ಆರು ತಿಂಗಳಿಗೊಮ್ಮೆ ಈ ಹನಿಗಳು. ಹನಿಗಳು ಶುರುವಾದ ಮೇಲೆ ಕಣ್ಣು ಮುಕ್ಕಾಲು ಪಾಲು ತಿಳಿಯಾಯಿತು, ಕಾಲೂ ಕೋಲಿನ ಜೊತೆ ರಾಜಿ ಮಾಡಿಕೊಂಡಿತು.

ನಾವಿದ್ದದ್ದು ಮಿಯಾಪುರದ ಒಂದು ಗಲ್ಲಿಯಲ್ಲಿ. ಅಪ್ಪ ಕಲಬುರಗಿ ಕಡೆಯಿಂದ ಬಂದು ಕಾಚಿಗೂಡದಲ್ಲಿ ಬೇಳೆಕಾಳಿನ ವ್ಯಾಪಾರ ಮಾಡಿಕೊಂಡಿದ್ದವರು. ಅವರು ತೀರಿಕೊಂಡ ಮೇಲೆ ಅಂಗಡಿ ಮಾರಿ ಅವ್ವ ಈ ಮನೆ ಮಾಡಿದಳು. ಕೆಳಗೆ ಒಂದು ದೊಡ್ಡ ಪಡಸಾಲೆ, ಮೇಲೆ ನಮ್ಮ ಕೋಣೆಗಳು. ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು, ಮೆಟ್ರೊ ಆಗಷ್ಟೇ ಓಡತೊಡಗಿತ್ತು. ಆ ಕಟ್ಟಡ ಕಟ್ಟುವ ಯಾದಗಿರಿ, ರಾಯಚೂರು ಕಡೆಯ ಗೌಂಡಿಗಳಿಗೂ, ಅವು ಕಟ್ಟಿ ಮುಗಿದ ಮೇಲೆ ಒಳಗೆ ಕೂತು ಕೀಲಿಮಣೆ ಕುಟ್ಟುವ ಹುಬ್ಬಳ್ಳಿ, ಬಾಗಲಕೋಟೆಯ ಹುಡುಗರಿಗೂ ಒಂದೇ ಕೊರತೆ: ಜೋಳದ ರೊಟ್ಟಿ. ಅವ್ವ ಪಡಸಾಲೆಯಲ್ಲಿ ಖಾನಾವಳಿ ತೆರೆದಳು. ಬೋರ್ಡು ಹಾಕಲಿಲ್ಲ. ರೊಟ್ಟಿ ಬಡಿಯುವ ಸದ್ದೇ ಸಾಕಾಗಿತ್ತು.

ಆ ಸದ್ದು ನನ್ನ ನಿದ್ದೆಯೊಳಗೂ ಬರುತ್ತಿತ್ತು. ಆಫೀಸಿನಿಂದ ಬಂದು ಮೇಲೆ ಮಲಗಿದ್ದಾಗ, ಸಂಜೆಯ ಬೆಳಕು ಗೋಡೆಯ ಮೇಲೆ ಸರಿಯುತ್ತಾ, ಕೆಳಗಿಂದ ತಪ್ ತಪ್ ಎಂದು ಏರಿ ಬರುವ ಆ ಸದ್ದಿನಲ್ಲಿ ನನಗೆ ನಾನು ಯಾವ ಊರಿನಲ್ಲಿದ್ದೇನೆ, ಎಷ್ಟು ವಯಸ್ಸಿನವಳು ಎಂಬುದೆಲ್ಲ ಮರೆತುಹೋಗುತ್ತಿತ್ತು. ಎದ್ದು ಇಳಿದು ಬಂದರೆ ಪಡಸಾಲೆಯಲ್ಲಿ ಸಾಲು ಕೂತಿರುತ್ತಿತ್ತು. ಗೌಂಡಿಯ ಪಕ್ಕ ಸಾಫ್ಟ್‌ವೇರಿನವನು, ಅವನ ಪಕ್ಕ ಇಟ್ಟಿಗೆ ಹೊರುವ ಹೆಂಗಸು, ಅವಳ ಪಕ್ಕ ಯಾವುದೋ ಬ್ಯಾಂಕಿನ ಗುಮಾಸ್ತ. ಎಲ್ಲರ ತಾಟಿನಲ್ಲೂ ಅದೇ ಪುಂಡಿಪಲ್ಯ, ಅದೇ ಶೇಂಗಾ ಚಟ್ನಿ. ಒಲೆಯ ಶಾಖ ತಾಗಿದರೆ ನನ್ನ ಬಲಗಣ್ಣು ಮಂಕಾಗುತ್ತಿತ್ತು. ಈ ಕಾಯಿಲೆಗೆ ಬಿಸಿ ಆಗಿಬರುವುದಿಲ್ಲ. ಆದ್ದರಿಂದ ಸಾಲಿನ ಕೊನೆಗೆ, ಬಾಗಿಲ ಪಕ್ಕ, ಗಾಳಿ ಬರುವಲ್ಲಿ ನನ್ನ ಜಾಗ. ಅಲ್ಲಿಂದ ನೋಡಿದರೆ ಆವಿಯಲ್ಲಿ ಮುಖಗಳ ಅಂಚು ಕರಗಿ, ಯಾರು ಯಾರು ಎಂದು ತಿಳಿಯದೆ, ಬರೀ ಉಣ್ಣುವ ಕೈಗಳು ಕಾಣುತ್ತಿದ್ದವು. ನನ್ನ ಓರಗೆಯವರೆಲ್ಲ ಮದುವೆ, ಮಕ್ಕಳು, ಅಮೆರಿಕ ಎಂದು ಹೋಗಿಬಿಟ್ಟಿದ್ದರು. ನನಗೆ ಈ ಸಾಲೇ ನಂಟಸ್ತನ. ಅದು ತಪ್ಪಿಹೋದರೆ ನನಗೆ ಬೇರೆ ಗತಿಯಿರಲಿಲ್ಲ.

ಅದಕ್ಕೆ ಕಲ್ಲು ಹಾಕಿದ್ದು ರಕ್ತದ ಒಂದು ಅಂಕಿ.

ಔಷಧಿ ಅಡಗಿಸುವ ಕಾವಲುಗಾರರ ಬಳಗದಿಂದಲೇ ಮುಂದೆ ಆಂಟಿಬಾಡಿಗಳೂ ಹುಟ್ಟಬೇಕು ಎಂದು ಡಾಕ್ಟರು ವಿವರಿಸಿದ್ದರು. ಬಳಗ ಬಡವಾದರೆ ವರ್ಷಗಳು ಕಳೆದಂತೆ ರಕ್ತದಲ್ಲಿ ಆಂಟಿಬಾಡಿ ಇಳಿಯುತ್ತಾ ಹೋಗಬಹುದು. ಆಗ ಸಣ್ಣ ನೆಗಡಿಯೂ ಎದೆಗಿಳಿದು ಕೂರಬಹುದು. ಹಾಗಾಗಿ ಪ್ರತಿ ಸಲ ಹನಿಗಳಿಗೆ ಮೊದಲು ರಕ್ತ ತೆಗೆದು ಅಳೆಯುತ್ತಿದ್ದರು. ನನಗೆ ಇದು ಹೊಸದೇನಲ್ಲ. ಕಂಪನಿಯಲ್ಲಿ ನನ್ನ ಕೆಲಸವೇ ಸರ್ವರುಗಳನ್ನು ಕಾಯುವುದು. ಪರದೆಯ ಮೇಲೆ ಒಂದು ಗೆರೆ ಹಾಕಿರುತ್ತೇವೆ, ಅಂಕಿ ಗೆರೆ ದಾಟಿದರೆ ಕೆಂಪು ದೀಪ, ಗಂಟೆ, ಎಲ್ಲರ ಓಡಾಟ. ನನ್ನ ರಕ್ತಕ್ಕೂ ಅಂಥದೇ ಗೆರೆಯಿದೆ ಎಂದು ತಿಳಿದಾಗ ಒಳಗೊಳಗೇ ನಗು ಬಂದಿತ್ತು.

ಆದರೆ ಒರಗು ಕುರ್ಚಿಯ ಅರೆನಿದ್ದೆಯಲ್ಲಿ ಆ ಅಂಕಿ ಬೇರೆಯೇ ಆಗಿಬಿಡುತ್ತಿತ್ತು. ಆಂಟಿಬಾಡಿ ಎಂದರೆ ಮೈ ಇಟ್ಟುಕೊಂಡ ನೆನಪು ಎಂದು ಎಲ್ಲೋ ಓದಿದ್ದೆ. ಹಾಗಾದರೆ ಕಾಚಿಗೂಡದ ಮನೆಯಲ್ಲಿ ಗದ್ದಬಾವು ಬಂದು ಕೆನ್ನೆಗೆ ಸುಣ್ಣ ಬೆಲ್ಲ ಹಚ್ಚಿಸಿಕೊಂಡು ಕೂತದ್ದು, ದಡಾರ ಬಂದಾಗ ಅಪ್ಪ ಬೇವಿನ ಸೊಪ್ಪಿನಿಂದ ಗಾಳಿ ಹಾಕಿದ್ದು, ರೈಲಿನ ಸದ್ದಿನ ಜೊತೆ ಏರಿ ಇಳಿಯುತ್ತಿದ್ದ ಆ ಜ್ವರಗಳು, ಎಲ್ಲವೂ ರಕ್ತದಲ್ಲಿ ಉಳಿದಿರಬೇಕು. ಹನಿ ಬೀಳುತ್ತಾ ಬೀಳುತ್ತಾ ಅವು ಒಂದೊಂದೇ ಅಳಿಸಿಹೋಗುವುದು ಕಣ್ಣಿಗೆ ಕಟ್ಟುತ್ತಿತ್ತು. ಅಪ್ಪ ಬೇವಿನ ಸೊಪ್ಪು ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಬಾಗಿಲು ದಾಟಿ ಹೋಗುತ್ತಿದ್ದರು. ಎಚ್ಚರವಾದಾಗ ಅತ್ತಿರುತ್ತಿದ್ದೆ. ನರ್ಸು ಬಂದು, ನೋವಾಗುತ್ತಿದೆಯೇ ಎಂದು ತೆಲುಗಿನಲ್ಲಿ ಕೇಳಿದರೆ ಇಲ್ಲ ಅನ್ನುತ್ತಿದ್ದೆ.

ಒಂದು ಚಳಿಗಾಲದಲ್ಲಿ ನನಗೆ ಎರಡು ಸಲ ಎದೆ ಕಟ್ಟಿತು. ಎರಡನೆಯ ಸಲ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಚೇತರಿಸಿಕೊಂಡ ಮೇಲೆ ರಕ್ತ ಅಳೆದರೆ ಅಂಕಿ ಗೆರೆಗಿಂತ ಕೆಳಗೆ ಹೋಗಿತ್ತು. ಮುಂದಿನ ಹನಿಗಳನ್ನು ಸದ್ಯಕ್ಕೆ ಮುಂದೂಡೋಣ, ಅಷ್ಟರಲ್ಲಿ ಕೆಲವು ಲಸಿಕೆ ಹಾಕಿಸೋಣ, ಸೋಂಕು ಇದ್ದವರಿಂದ ದೂರವಿರಿ ಎಂದರು ಡಾಕ್ಟರು. ಅವರು ತೆಲುಗಿನಲ್ಲಿ ಹೇಳಿದ್ದನ್ನು ನಾನು ಅವ್ವನಿಗೆ ನಮ್ಮ ಮಾತಿನಲ್ಲಿ ಚಿಕ್ಕದು ಮಾಡಿ ಹೇಳಿದೆ: 'ಕೆಮ್ಮೋರ ಹತ್ರ ಹೋಗಬಾರದಂತ.'

ಅವ್ವ ಅರ್ಧ ಕೆಲಸ ಮಾಡುವವಳಲ್ಲ. ಮರುದಿನ ಸಂಜೆ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. ಬಂದವರನ್ನೆಲ್ಲ ನಿಲ್ಲಿಸಿ, 'ಕೆಮ್ಮು ಐತೇನು? ನೆಗಡಿ? ಖರೇ ಹೇಳ್ರಿ' ಎಂದು ಕೇಳುವುದು. ಹೌದು ಅಂದವರಿಗೆ ತಾಟು ಹೊರಗೆ. ಮನೆಯ ಮುಂದೆ ಗೋಡೆಗುಂಟ ಒಂದು ಕಲ್ಲಿನ ಕಟ್ಟೆ ಇತ್ತು, ಅದರ ಮೇಲೆ ಕೂತು ಉಣ್ಣಬೇಕು. ಬಡಿಸುವುದರಲ್ಲಿ ಏನೂ ಕಡಿಮೆಯಿಲ್ಲ, ಬದಲಿಗೆ ಹೊರಗಿನವರಿಗೆ ಒಂದು ಚಮಚ ತುಪ್ಪ ಹೆಚ್ಚೇ. ಸಾಫ್ಟ್‌ವೇರ್ ಹುಡುಗರಿಗೆ ಇದೊಂದು ಆಟವಾಯಿತು. ಒಬ್ಬ ಕೆಮ್ಮು ತಡೆಹಿಡಿದು ಒಳಗೆ ನುಸುಳಿ, ರೊಟ್ಟಿ ನೆತ್ತಿಗೇರಿ, ಕಣ್ಣು ಕೆಂಪಾಗಿ ಸಿಕ್ಕಿಬಿದ್ದ. ಇನ್ನೊಬ್ಬ ತುಪ್ಪದ ಆಸೆಗೆ ಸುಳ್ಳು ಕೆಮ್ಮು ಕೆಮ್ಮಿದ. 'ಕೆಮ್ಮಿದವರ ಕಟ್ಟೆ' ಎಂದು ಹೆಸರಿಟ್ಟವರೂ ಅವರೇ. ನಾನು ಬಾಗಿಲ ಒಳಗೆ ಕೂತು ನಗುತ್ತಿದ್ದೆ. ಇಷ್ಟು ಜನ ನನ್ನೊಬ್ಬಳಿಗಾಗಿ ಎದ್ದು ಹೊರಗೆ ಹೋಗುತ್ತಾರಲ್ಲ ಎಂದು ಹಿತವೂ ಅನ್ನಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಗೌಂಡಿಗಳ ಪೈಕಿ ಯಾದಗಿರಿ ಕಡೆಯ ಒಬ್ಬ ಹಿರಿಯನಿದ್ದ. ಖಾನಾವಳಿ ಶುರುವಾದಾಗಿನಿಂದ ಬರುತ್ತಿದ್ದವನು. ನಮ್ಮ ಅಡುಗೆಮನೆಯ ಒಲೆಕಟ್ಟೆ ಬಿರುಕು ಬಿಟ್ಟಾಗ ಒಂದು ಭಾನುವಾರ ಬಂದು ಸರಿಮಾಡಿ, ಕೂಲಿ ಕೊಟ್ಟರೆ, 'ಅಕ್ಕನ ಮನಿ ಕೆಲಸಕ್ಕ ಪಗಾರ ಎಂಥಾದ್ರಿ' ಎಂದು ಎದ್ದು ಹೋಗಿದ್ದ. ಅವನಿಗೆ ಬಹಳ ವರ್ಷಗಳಿಂದ ಕೆಮ್ಮು. ಸಿಮೆಂಟಿನ ಧೂಳು ಕುಡಿದು ಕುಡಿದು ಬಂದದ್ದು, ಮಾತಿನ ನಡುವೆ ಉಸಿರಿನಷ್ಟೇ ಸಹಜವಾಗಿ ಬರುತ್ತಿತ್ತು. ಅವ್ವ ಕೇಳಿದಳು, ಅವನು ಹೌದೆಂದು ತಲೆಯಾಡಿಸಿದ, ತಾಟು ಹೊರಗೆ ಹೋಯಿತು. ಎರಡನೆಯ ದಿನವೂ ಹೋಯಿತು. ಉಳಿದವರ ನೆಗಡಿ ವಾಸಿಯಾಗಿ ಅವರು ಒಳಗೆ ಬಂದರು, ಅವನದು ವಾಸಿಯಾಗುವಂಥದ್ದಲ್ಲ. ಕೆಲವು ದಿನ ಕಟ್ಟೆಯ ಮೇಲೆ ಒಬ್ಬನೇ ಕೂತು, ಬೀದಿಯ ಕಡೆ ಬೆನ್ನು ಮಾಡಿ ಉಂಡ. ಆಮೇಲೆ ಬರುವುದನ್ನೇ ಬಿಟ್ಟ. ಅವನ ಹಿಂದೆಯೇ ಅವನ ಊರಿನವರೆಲ್ಲ ಬಿಟ್ಟರು.

ಅವ್ವ ನಾದಿದ ಹಿಟ್ಟು ಮಿಕ್ಕತೊಡಗಿತು. 'ಕೆಲಸ ಬ್ಯಾರೆ ಕಡೆ ಹೋಗೇತೋ ಏನೋ' ಎಂದು ಬಾಗಿಲು ನೋಡುತ್ತಿದ್ದಳು. ಸಾಲು ಅರ್ಧಕ್ಕಿಳಿಯಿತು. ಕೊನೆಗೊಂದು ಭಾನುವಾರ ನಾವಿಬ್ಬರೂ ಆಟೊ ಹತ್ತಿ ಅವರ ಶೆಡ್ಡುಗಳ ಕಡೆ ಹೋದೆವು. ಅರೆ ಕಟ್ಟಿದ ಕಟ್ಟಡದ ನೆರಳಿನಲ್ಲಿ ತಗಡಿನ ಶೆಡ್ಡುಗಳು. ಗೌಂಡಿ ಮೂರು ಇಟ್ಟಿಗೆಯ ಒಲೆಯ ಮೇಲೆ ಅನ್ನಕ್ಕಿಟ್ಟಿದ್ದ. ನಮ್ಮನ್ನು ಕಂಡು ಗಡಬಡಿಸಿ ಎದ್ದು, ಬಕೆಟ್ಟು ಮಗುಚಿ ನನಗೆ ಕೂರಲು ಕೊಟ್ಟು, ತಾನು ನನ್ನಿಂದ ಬಹಳ ದೂರ ಹೋಗಿ ನಿಂತ. ಆ ದೂರ ನನಗೆ ಚುಚ್ಚಿತು.

'ಯಾಕ ಊಟಕ್ಕ ಬರವಲ್ರಿ?' ಅವ್ವ ಕೇಳಿದಳು.

'ಏನಿಲ್ರಿ ಅಕ್ಕಾರ. ಇಲ್ಲೇ ಎರಡ ಅಗಳ ಬೇಯಿಸಿಕೊಂಡ್ರ ನಡೀತೈತಿ.'

'ನಂದೇನರ ತಪ್ಪಾತೇನು?'

ಅವನು ಒಲೆಯ ಕಟ್ಟಿಗೆ ಸರಿಮಾಡಿದ. 'ನಮ್ಮೂರಾಗ ಚಾದಂಗಡಿ ಇತ್ರಿ. ನಮ್ಮ ಮಂದೀಗೆ ಬ್ಯಾರೆ ಕಪ್ಪು. ಹೊರಗ ಕುಂತು ಕುಡೀಬೇಕು, ನಾವ ತೊಳದು ಇಡಬೇಕು. ನಮ್ಮಪ್ಪ ಹಂಗ ಕುಡದ, ನಾನೂ ಸಣ್ಣಾವ ಇದ್ದಾಗ ಹಂಗ ಕುಡದೆ. ಅದು ಸಾಕಾಗಿ ಈ ಊರಿಗೆ ಬಂದೀನ್ರಿ. ನಿಮ್ಮ ಮನ್ಯಾಗ ಮೊದಲನೇ ದಿನ ಎಲ್ಲಾರ ಸಾಲಿನ್ಯಾಗ ಕುಂತು ಉಂಡಾಗ...' ಕೆಮ್ಮು ಬಂತು. ಮುಖ ತಿರುಗಿಸಿ, ಟವೆಲು ಬಾಯಿಗಿಟ್ಟು ಕೆಮ್ಮಿ ಮುಗಿಸಿದ. 'ತಂಗೀಗೆ ಜಡ್ಡ ಐತಿ, ಅದಕ್ಕ ಮಾಡ್ಯಾರ ಅಂತ ನನಗ ಗೊತ್ತೈತ್ರಿ. ತಲೀಗೆ ತಿಳೀತೈತಿ. ಆದ್ರ ಹೊರಗ ಕುಂತ್ರ ತುತ್ತು ಗಂಟಲದಾಗ ಇಳೀವಲ್ದು. ಏನ ಮಾಡ್ಲಿ?'

ಅವ್ವ ಸೆರಗಿನ ತುದಿ ಬಾಯಿಗೊತ್ತಿಕೊಂಡು ನಿಂತುಬಿಟ್ಟಳು. ನನಗೆ ಸಿಟ್ಟು ಬಂತು. ಕಷ್ಟದಲ್ಲಿ ನನಗೆ ಮೊದಲು ಬರುವುದು ಸಿಟ್ಟೇ. ಅವ್ವನ ಮೇಲೆ, ನನ್ನ ಮೇಲೆ, ಆ ಊರಿನ ಚಹಾದಂಗಡಿಯ ಮೇಲೆ, ಎಲ್ಲದಕ್ಕಿಂತ ಹೆಚ್ಚಾಗಿ ನನ್ನ ರಕ್ತದ ಮೇಲೆ. ಹನಿಹನಿಯಾಗಿ ತನ್ನದೆಲ್ಲವನ್ನೂ ಮರೆತು, ಇನ್ನೊಬ್ಬರ ಹಳೆಯ ಗಾಯವನ್ನು ನೆನಪಿಸಿ ಕೂತಿತ್ತು ಅದು.

ಆಟೊ ಮನೆಯ ಹತ್ತಿರ ಬಂದಾಗ ಅವ್ವ ಹೇಳಿದಳು: 'ಇನ್ನ ಮ್ಯಾಲ ಯಾರಿಗೂ ಹೊರಗ ಕುಂದರ್ರಿ ಅನ್ನಂಗಿಲ್ಲ ನಾನು. ನಿನ್ನ ಜೀವದ ಕೂಡ ಆಟಾನೂ ಆಡಂಗಿಲ್ಲ. ಖಾನಾವಳಿ ಬಂದ್ ಮಾಡತೀನಿ.'

'ಮಾಡು. ಮಾಡಿ ನನ್ನನ್ನ ಮ್ಯಾಲಿನ ಖೋಲ್ಯಾಗ ಕೂಡಿಹಾಕು. ಅಲ್ಲಿ ನನಗ ಯಾವ ಜಡ್ಡೂ ಬರಂಗಿಲ್ಲ. ಮನಸ್ಯಾರೂ ಬರಂಗಿಲ್ಲ,' ಎಂದು ಕೂಗಿದೆ. ಆಟೊದವನು ಹಿಂತಿರುಗಿ ನೋಡಿದ. ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತಿತ್ತು. ಸಿಟ್ಟಿಗೋ, ಕಾಯಿಲೆಗೋ ತಿಳಿಯಲಿಲ್ಲ.

ಆ ವಾರವೆಲ್ಲ ಪಡಸಾಲೆಗೆ ಬೀಗ. ರೊಟ್ಟಿಯ ಸದ್ದಿಲ್ಲದ ಸಂಜೆಗಳು ಉದ್ದವಾಗಿ, ನೀರಿನೊಳಗಿದ್ದ ಹಾಗೆ ಕಳೆಯುತ್ತಿದ್ದವು. ಬಂದವರು ಬೀಗ ನೋಡಿ, ಮೇಲೆ ಕಿಟಕಿ ನೋಡಿ, ಹೋಗುವುದು ಕಾಣುತ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ನಾನು ಎಡಗಾಲಿನ ಹೆಬ್ಬೆರಳು ಅಲುಗಾಡಿಸಿ ನೋಡುತ್ತಿದ್ದೆ. ಹನಿಗಳನ್ನು ಮುಂದೂಡಿದ್ದರಿಂದ ಕಾವಲುಗಾರರು ಮತ್ತೆ ಎದ್ದರೇನೋ ಎಂಬ ಭಯ. ಬೆರಳು ಅಲುಗುತ್ತಿತ್ತು. ಎದ್ದು ಹೋಗಬೇಕಾದ ಕಡೆಯೇ ಇಲ್ಲದ ಮೇಲೆ ಅಲುಗಿ ಏನುಪಯೋಗ ಅನ್ನಿಸುತ್ತಿತ್ತು.

ಮುಂದಿನ ಭೇಟಿಗೆ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಅಂಕಿ ಹೆಚ್ಚೇನೂ ಮೇಲೇರಿರಲಿಲ್ಲ. ನಾನು ಕಾಲಿನ ಬಗ್ಗೆ ಕೇಳಲಿಲ್ಲ, ಊಟದ ಸಾಲಿನ ಬಗ್ಗೆ ಕೇಳಿದೆ. ಗೌಂಡಿಯ ಕೆಮ್ಮನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಅಂಕಿ ಒಂದೇ ಎಲ್ಲವನ್ನೂ ಹೇಳುವುದಿಲ್ಲ, ಅಂದರು. ಗೆರೆಯ ಕೆಳಗಿದ್ದೂ ಏನೂ ಆಗದವರಿದ್ದಾರೆ, ಮೇಲಿದ್ದೂ ಮೇಲಿಂದ ಮೇಲೆ ಮಲಗುವವರಿದ್ದಾರೆ. ಅಂಕಿಯನ್ನೂ, ಎಷ್ಟು ಸೋಂಕು ಬರುತ್ತಿದೆ ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಆ ಮನುಷ್ಯನನ್ನು ಒಮ್ಮೆ ಎದೆ ಪರೀಕ್ಷೆಗೆ ಕಳಿಸಿ, ಅದು ಬರೀ ಧೂಳಿನ ಕೆಮ್ಮಾದರೆ ಹರಡುವುದಿಲ್ಲ. ಜ್ವರ ಇದ್ದವರಿಂದ ದೂರವಿರಿ. ಆಮೇಲೆ ನಕ್ಕು, ಮುಚ್ಚಿದ ಪಡಸಾಲೆಗಿಂತ ಗಾಳಿಯಾಡುವ ಜಾಗ ನಿಮಗೇ ಒಳ್ಳೆಯದು, ಎಂದರು.

ನಮ್ಮ ಕಂಪನಿಯಲ್ಲೂ ಕೆಲವು ಸಲ ಹೀಗಾಗುತ್ತದೆ. ದೀಪ ಕೆಂಪಾಗಿದ್ದು ನಿಜ, ಓಡಿದ್ದು ಮಾತ್ರ ತಪ್ಪು ದಿಕ್ಕಿಗೆ. ಗಾಳಿ ಬೇಕಾದವಳು ನಾನು, ಹೊರಗೆ ಕೂತವನು ಅವನು.

ಗೌಂಡಿಯನ್ನು ಪರೀಕ್ಷೆಗೆ ಕರೆದೊಯ್ಯುವ ಕೆಲಸ ಅವ್ವನೇ ಮಾಡಿದಳು. ಧೂಳಿನದೇ ಎಂದು ಗೊತ್ತಾದ ದಿನ ನಾನು ಬೀಗ ತೆಗೆಸಿದೆ. ಸಂಜೆ ನನ್ನ ತಾಟು ತೆಗೆದುಕೊಂಡು ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕೂತೆ.

ಅವ್ವ ಬಾಗಿಲಿಗೆ ಬಂದಳು. 'ಮನಿ ಮಗಳು ಬೀದ್ಯಾಗ ಕುಂತು ಉಣ್ಣೂದೇನ? ನೋಡಿದವರು ಏನಂದಾರು?'

'ಗೌಂಡಿ ಕುಂತಾಗ ಏನಂದ್ರೋ ಅದನ್ನ ಅಂದಾರು.'

ಆಕೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಎಂದಿಗಿಂತ ಜೋರಾಗಿ. ಒಳಗೆ ಸಾಲು ತುಂಬಿತು. ಹೊರಗೆ ನಾನೊಬ್ಬಳೇ. ಹಿತವಾದ ಗಾಳಿಯಿತ್ತು, ಬಲಗಣ್ಣೂ ಆ ಸಂಜೆ ತಿಳಿಯಾಗಿತ್ತು. ಆದರೂ ಒಳಗಿನ ನಗು ಕೇಳಿಸಿದಾಗಲೆಲ್ಲ ತುತ್ತು ನಿಲ್ಲುತ್ತಿತ್ತು. ನಾನಾಗಿಯೇ ಬಂದು ಕೂತವಳು, ಬೇಕೆಂದಾಗ ಎದ್ದು ಒಳಗೆ ಹೋಗಬಲ್ಲವಳು. ನನಗೇ ಹೀಗೆ. ಕಣ್ಣು ತುಂಬಿ ಬೀದಿಯ ದೀಪಗಳು ಅಗಲವಾದವು, ಮೆಟ್ರೊ ಇಳಿದು ಬರುವವರು ಬೆಳಕಿನಲ್ಲಿ ತೇಲುತ್ತಿರುವಂತೆ ಕಂಡರು. ಅವರ ನಡುವಿನಿಂದ ಗೌಂಡಿ ಬಂದ.

ಕಟ್ಟೆಯ ಮೇಲೆ ನನ್ನನ್ನು ಕಂಡು ನಿಂತ. ನನ್ನ ಕೈಯ ತಾಟು ನೋಡಿದ, ತೆರೆದ ಬಾಗಿಲು ನೋಡಿದ. ಅವ್ವ ಒಳಗಿಂದಲೇ, 'ಬರ್ರಿ, ನಡುವ ಜಾಗಾ ಹಿಡದೀನಿ' ಎಂದಳು. ಅವನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋದ. ಸಾಲಿನ ನಡುವೆ ಕೂತ. ಕೆಮ್ಮಿದ, ಯಾರೂ ತಿರುಗಿ ನೋಡಲಿಲ್ಲ. ಅವ್ವ ಹೆಂಚಿನಿಂದ ತೆಗೆದ ರೊಟ್ಟಿಯನ್ನು ನೇರ ಅವನ ತಾಟಿಗೆ ಹಾಕಿದಳು. ನಾನು ಕೂತಲ್ಲಿಂದಲೇ ತೆರೆದ ಬಾಗಿಲಿನಲ್ಲಿ ಇಷ್ಟನ್ನೂ ನೋಡಿ ಮುಖ ಈಚೆ ತಿರುಗಿಸಿಕೊಂಡೆ.

ಎರಡು ರೊಟ್ಟಿ ಮುಗಿಯುವಷ್ಟು ಹೊತ್ತಾಗಿರಬೇಕು. ತಾಟು ಹಿಡಿದುಕೊಂಡು ಅವನು ಹೊರಗೆ ಬಂದ. ಕಟ್ಟೆಯ ಆ ತುದಿಗೆ ಕೂತ. ಒಳಗಿಂದ ಅವ್ವ ಗಾಬರಿಯಾಗಿ ಓಡಿಬಂದಳು.

'ಅಯ್ಯ, ಯಾಕ ಎದ್ದು ಬಂದ್ರಿ? ಯಾರೇನಂದ್ರು? ಒಳಗ ನಡೀರಿ.'

'ಯಾರೂ ಏನೂ ಅಂದಿಲ್ರಿ ಅಕ್ಕಾರ. ಒಳಗ ಕುಂತು ಉಂಡೆ, ಜೀವ ತಂಪಾತು,' ಅಂದ ಅವನು. 'ಈಗ ಯಾರೂ ಕಳಿಸಿಲ್ಲ, ನನ್ನ ಮನಸಿಗೆ ಬಂದು ಕುಂತೀನಿ. ತಂಗಿ ಒಬ್ಬಾಕಿನ ಹೊರಗ ಉಣ್ಣೂದು ನೋಡಿ ಕುಂದರಾಕ ಆಗವಲ್ದು.'

ಅವ್ವ ಅಲ್ಲೇ ನಿಂತಳು. ನಾನು ಅಳುವುದನ್ನು ಅಡಗಿಸಲು ಹೋಗಲಿಲ್ಲ. ಅವನು ನನ್ನ ಕಡೆ ನೋಡದೆ, ಬೀದಿಗೆ ಮುಖ ಮಾಡಿ, ಮಿಕ್ಕ ರೊಟ್ಟಿ ಮುರಿದ.

'ಉಣ್ಣು ತಂಗೀ,' ಅಂದ. 'ಆರಾಕತ್ತೈತಿ.'